ಬೆಂಗೇರಿಯ ಡ್ರಮ್ಮುಗಳಿಗೆ ಬೆಳಗಿನ ರಿಯಾಜು

ಹುಬ್ಬಳ್ಳಿ ಬೆಂಗೇರಿಯ ಬೀರಲಿಂಗಪ್ಪನಿಗೆ ಇಪ್ಪತ್ನಾಲ್ಕು ವರ್ಷಗಳಲ್ಲಿ ಗುರುವಿನ ಬಾಯಿಂದ ಸಿಕ್ಕ ಮಾತು ಒಂದೇ: "ಇನ್ನೂ ಆಗಿಲ್ಲ."

ಪ್ರತಿ ರವಿವಾರ ಮುಂಜಾನೆ ಬಸ್ಸು ಹಿಡಿದು ಧಾರವಾಡಕ್ಕೆ ಹೋಗುವುದು, ಮಾಳಮಡ್ಡಿಯ ತ್ರ್ಯಂಬಕ ಬುವಾ ಅವರ ಮನೆಯಲ್ಲಿ ಚಾಪೆಯ ಮೇಲೆ ಕೂತು ಒಂದು ತಾಸು ಹಾಡುವುದು, ಮುಗಿದ ಮೇಲೆ ಕೈಮುಗಿದು "ಆತೇನ್ರಿ, ಗುರುಗಳ?" ಎಂದು ಕೇಳುವುದು. ಬುವಾ ಮುಚ್ಚಿದ ಕಣ್ಣು ತೆರೆಯದೆ, ಬಾಯೊಳಗಿನ ಎಲೆಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸಾಗಿಸಿ ಆ ಮಾತು ಹೇಳುವುದು. ಬೇರೆ ಗಿರಾಕಿಯಾಗಿದ್ದರೆ ಇಷ್ಟರಲ್ಲಿ ಅಂಗಡಿ ಬದಲಿಸುತ್ತಿದ್ದ. ಬೀರಲಿಂಗಪ್ಪ ಬದಲಿಸಲಿಲ್ಲ. ಇಪ್ಪತ್ನಾಲ್ಕು ವರ್ಷ ಒಂದೇ ಅಂಗಡಿಯ ಮುಂದೆ ನಿಂತವನಿಗೆ ಸಾಮಾನು ಸಿಗದಿದ್ದರೂ ನಿಂತ ಜಾಗ ತನ್ನದೆನಿಸಿಬಿಡುತ್ತದೆ.

ಆ ಮನೆಯ ಪದ್ಧತಿ ಹಾಗೆ. ಗುರು "ಆತು" ಅನ್ನುವವರೆಗೆ ಶಿಷ್ಯ ಮಂದಿಯ ಮುಂದೆ ಹಾಡಲು ಕೂಡುವಂತಿಲ್ಲ. ತಂಬೂರಿ ಹಿಡಿದು ಹಿಂದೆ ಕೂಡಬಹುದು. ಬೀರಲಿಂಗಪ್ಪ ಹಿಂದೆ ಕೂತ ಕಛೇರಿಗಳಿಗೆ ಲೆಕ್ಕವಿಲ್ಲ. ಬುವಾ ಅವರ ಮನೆಯ ಗೋಡೆಯ ಮೇಲಿನ ಫೋಟೊಗಳಲ್ಲೆಲ್ಲ ಅವನೂ ಇದ್ದಾನೆ. ಬುವಾ ಅವರ ರುಮಾಲಿನ ಹಿಂದಿನಿಂದ ಒಂದು ಕಿವಿ ಮಾತ್ರ ಇಣುಕುತ್ತಿರುತ್ತದೆಯಲ್ಲ, ಅದು ಅವನದು. ಎಡಗಿವಿ.

ಹೊಟ್ಟೆಪಾಡಿಗೆ ಅವನು ತೋಟಗಾರಿಕೆ ಇಲಾಖೆಯಲ್ಲಿದ್ದ. ದ್ರಾಕ್ಷಿ ಬಳ್ಳಿಗೆ ಕಸಿ ಕಟ್ಟುವುದು, ಟೊಂಗೆ ಕತ್ತರಿಸಿ ಚಾಟಣಿ ಮಾಡುವುದು, ಯಾವ ರೋಗಕ್ಕೆ ಯಾವ ಔಷಧ, ಇವನ್ನೆಲ್ಲ ಊರೂರು ತಿರುಗಿ ಹೇಳಿ ನಿವೃತ್ತನಾದ. ನಿವೃತ್ತಿಯಾದ ಮರುವಾರವೇ ಮನೆಯ ಹಿತ್ತಲಿನಲ್ಲಿ ಪತ್ರಾಸಿನ ತಗಡಿನ ಶೆಡ್ಡು ಎದ್ದಿತು. ಒಳಗೆ ಹತ್ತು ಸ್ಟೀಲ್ ಡ್ರಮ್ಮು ಬಂದವು. ಸರಕಾರದ ಪರವಾನಗಿ ಚೌಕಟ್ಟು ಹಾಕಿಸಿಕೊಂಡು ಗೋಡೆಗೆ ಬಂತು. ಬೀರಲಿಂಗಪ್ಪ ವೈನು ಮಾಡುವವನಿದ್ದ.

"ಮಂದಿ ನಿವೃತ್ತಿ ಆದಮ್ಯಾಲೆ ಕಾಶಿಗೆ ಹೋಗ್ತಾರ," ಅಂದಳು ಹೆಂಡತಿ ಶೇವಂತೆವ್ವ. "ನೀವು ಡ್ರಮ್ಮಿನಾಗ ಇಳದ್ರಿ."

ಅವನ ವೈನಿಗೆ ನೇಮಗಳಿದ್ದವು. ತಿಕೋಟಾದ ಬೀಗರ ತೋಟದ ದ್ರಾಕ್ಷಿಯೇ ಬೇಕು, ಅದಕ್ಕೆ ಔಷಧ ಹೊಡೆದಿರಬಾರದು. ಸಕ್ಕರೆ ಬೆರೆಸುವಂತಿಲ್ಲ. ಪಾಕೀಟಿನ ಈಸ್ಟ್ ಅಂತೂ ಶೆಡ್ಡಿನ ಹೊಸ್ತಿಲು ದಾಟುವಂತಿಲ್ಲ. ಹಣ್ಣಿನ ಸಿಪ್ಪೆಯ ಮೇಲೆ ದೇವರು ಸವರಿ ಕಳಿಸಿದ ಬೂದಿಯಂಥ ಪುಡಿ ಇರುತ್ತದಲ್ಲ, ರಸವನ್ನು ಹುದುಗಿಸಲು ಅದೇ ಸಾಕು. ಗೋಕುಲ ರಸ್ತೆಯಲ್ಲಿ ಹೋಟೆಲ್ ಕಟ್ಟಿಸುತ್ತಿದ್ದ ಉದಯಕುಮಾರ ಒಮ್ಮೆ ಉಪಕಾರ ಮಾಡಲು ಹೋಗಿ ಈಸ್ಟಿನ ಪಾಕೀಟು ತಂದುಕೊಟ್ಟ.

"ಕಾಕಾ, ಇದನ್ನ ಹಾಕಿದ್ರ ಹತ್ತು ದಿನದಾಗ ಕೆಲಸ ಮುಗೀತೈತಂತ."

"ಕರೆಂಟಿನ ತಂಬೂರಿ ನೋಡಿಯಲ್ಲೋ, ಉದಯಾ?" ಅಂದ ಬೀರಲಿಂಗಪ್ಪ. "ಗುಂಡಿ ಒತ್ತಿದ್ರ ಸುರು, ಗುಂಡಿ ಒತ್ತಿದ್ರ ಬಂದ್. ಇದು ಅದರ ತಮ್ಮ. ನಮ್ಮ ಬುವಾ ಅದನ್ನ ಮನಿಯಾಗ ಬಿಟ್ಟುಕೊಂಡಿಲ್ಲ. ನಾ ಇದನ್ನ ಬಿಟ್ಟುಕೊಳ್ಳೂದಿಲ್ಲ."

ಪಾಕೀಟು ವಾಪಸು ಹೋಯಿತು. ಉದಯಕುಮಾರನಿಗೆ ಮಾತ್ರ ಈ ಮನುಷ್ಯನ ಹುಚ್ಚಿನಲ್ಲಿ ಏನೋ ವ್ಯಾಪಾರವಿದೆ ಅನ್ನಿಸಿತು. ಹುಚ್ಚನ ಕೈಯ ಮಾಲಿಗೆ ಶ್ಯಾಣ್ಯಾನ ಮಾಲಿಗಿಂತ ಹೆಚ್ಚು ಗಿರಾಕಿ ಬರುತ್ತಾರೆ ಅನ್ನುವುದು ಹೋಟೆಲಿನವರಿಗೆ ಗೊತ್ತಿರುವ ಮಾತು.

ಎಲ್ಲಕ್ಕಿಂತ ದೊಡ್ಡ ನೇಮ ರಿಯಾಜಿನದು. ದಿನಾ ಮುಂಜಾನೆ ಬೀರಲಿಂಗಪ್ಪ ಸ್ನಾನ ಮಾಡಿ, ತಂಬೂರಿ ಎತ್ತಿಕೊಂಡು ಶೆಡ್ಡಿಗೆ ಹೋಗುವನು. ಹತ್ತೂ ಡ್ರಮ್ಮಿನ ಮುಚ್ಚಳ ತೆಗೆಯುವನು. ನಡುವೆ ಚಾಪೆ ಹಾಸಿಕೊಂಡು ಒಂದು ತಾಸು ಹಾಡುವನು. ರಾಗ ಕೇಳುತ್ತ ಬೆಳೆದ ರಸ, ಕೇಳದೆ ಬೆಳೆದ ರಸ ಎರಡೂ ಒಂದೇ ಆಗಲು ಹೇಗೆ ಸಾಧ್ಯ? ಮುಚ್ಚಳ ತೆಗೆಯುವುದೇಕೆ ಎಂದು ಕೇಳಿದ ಹೆಂಡತಿಗೆ ಅವನು ಕೊಟ್ಟ ಉತ್ತರ ಸರಳವಾಗಿತ್ತು. "ಕಿವಿ ಮುಚ್ಚಿಕೊಂಡಾಂವಗ ಹಾಡಿದ್ರ ಅಂವಗ ಕೇಳೂದು ಹೆಂಗ?"

ಮೊದಲ ವರ್ಷ ತೋಡಿ ಹಾಡಿದ. ಗಣಪತಿ ಹಬ್ಬದ ಹೊತ್ತಿಗೆ ಶೆಡ್ಡಿನ ಬಾಗಿಲು ತೆರೆದ ಶೇವಂತೆವ್ವ ಮೂಗು ಹಿಡಿದುಕೊಂಡು ಹೊರಬಂದಳು.

"ರೀ, ನಿಮ್ಮ ತೋಡಿ ಹುಳಿ ಹೊಡದೈತಿ."

ಹತ್ತು ಡ್ರಮ್ಮು ಸಿರ್ಕಾ! ಕಣ್ಣಲ್ಲಿ ನೀರು ತರಿಸುವಂಥ, ಹಲ್ಲು ಜುಮ್ಮೆನ್ನಿಸುವಂಥ ಅಸಲು ವಿನೆಗರು. ಬೀರಲಿಂಗಪ್ಪ ಎರಡು ದಿನ ಊಟ ಬಿಟ್ಟು ಯೋಚಿಸಿ ತಪ್ಪು ಎಲ್ಲಿ ಅಂತ ಕಂಡುಹಿಡಿದ. ತೋಡಿಯ ಗಾಂಧಾರದಲ್ಲೇ ಒಂದು ಹುಳಿ ಇದೆ. ರಸ ಅದನ್ನು ಹೀರಿಕೊಂಡಿದೆ. ಎರಡನೆಯ ವರ್ಷ ಭೈರವಕ್ಕೆ ಬಂದ. ಗಂಭೀರ ರಾಗ, ಶಿವನ ರಾಗ. ಗಣಪತಿ ಹಬ್ಬದ ಹೊತ್ತಿಗೆ ಅದೂ ಸಿರ್ಕಾ.

ತಮಾಷೆಯೆಂದರೆ, ಗಾಳಿ ತಾಗಿದರೆ ದ್ರಾಕ್ಷಿ ರಸ ಸಿರ್ಕಾ ಆಗುತ್ತದೆ ಅನ್ನುವುದು ಅವನಿಗೆ ಗೊತ್ತಿಲ್ಲದ್ದಲ್ಲ. ಇಲಾಖೆಯ ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಅವನೇ ಕೆಂಪು ಗೆರೆ ಎಳೆದಿದ್ದ. ಆದರೆ ಪುಸ್ತಕದಲ್ಲಿ ಗಾಳಿ ಅಂತ ಇತ್ತು. ರಾಗ ಒಳಗೆ ಹೋಗುವ ಬಾಗಿಲಿನಿಂದಲೇ ಗಾಳಿಯೂ ಹೋಗುತ್ತದೆ ಅಂತ ಬರೆದಿರಲಿಲ್ಲ.

ಇತ್ತ ಶೇವಂತೆವ್ವ ಸುಮ್ಮನೆ ಕೂಡುವ ಹೆಂಗಸಲ್ಲ. ಇಪ್ಪತ್ತು ಡ್ರಮ್ಮು ಸಿರ್ಕಾ ಚೆಲ್ಲಲು ಅವಳ ಕೈ ಬರಲಿಲ್ಲ. ಅದರಲ್ಲಿ ಹಸಿಮೆಣಸಿನಕಾಯಿ ನೆನೆಹಾಕಿದಳು, ಗಜ್ಜರಿ ಹಾಕಿದಳು, ಸಣ್ಣ ಉಳ್ಳಾಗಡ್ಡಿ ಹಾಕಿದಳು. ಓಣಿಯವರು ರುಚಿ ನೋಡಿ ಭರಣಿ ತಂದರು. ಓಣಿ ದಾಟಿ ಕೇಶ್ವಾಪುರಕ್ಕೆ, ಕೇಶ್ವಾಪುರ ದಾಟಿ ಲಗ್ನದ ಅಡುಗೆಯವರಿಗೆ ಸುದ್ದಿ ಹೋಯಿತು. ಗಂಡನ ವೈನು ಒಂದು ಬಾಟಲಿಯೂ ಹೊರಗೆ ಹೋಗದ ಶೆಡ್ಡಿನಿಂದ ಹೆಂಡತಿಯ ಉಪ್ಪಿನಕಾಯಿ ಎರಡು ಊರು ತಿರುಗಿತು.

ಮೂರನೆಯ ವರ್ಷದ ದ್ರಾಕ್ಷಿ ಬಂದಿಳಿದ ದಿನ ಅವಳು ಸೀರೆಯ ಸೆರಗಿನಿಂದ ಶೆಡ್ಡಿನ ಗೋಡೆ ಅಳೆಯುತ್ತಿದ್ದಳು.

"ಏನ್ ಮಾಡಾಕತ್ತಿ?"

"ಕಪಾಟು ಎಷ್ಟು ಹಿಡಸ್ತಾವ ನೋಡಾಕತ್ತೇನಿ. ನೋಡ್ರಿ, ಎರಡ ಸಲ ಸುಮ್ಮನಿದ್ದೆ. ಈ ಸಲಾನೂ ಸಿರ್ಕಾ ಆತಂದ್ರ ಶೆಡ್ಡು ನಂದು, ಡ್ರಮ್ಮೂ ನಂದು. ನೀವು ಭರಣಿ ತೊಳೀಬೇಕು."

"ವೈನ್ ಆತಂದ್ರ?"

"ಆದ್ರ ನಾ ಬಾಯಿ ಮುಚ್ಚತೇನಿ."

ಈ ಮಾತು ಬೀರಲಿಂಗಪ್ಪನಿಗೆ ಶೆಡ್ಡಿಗಿಂತ ದೊಡ್ಡ ಆಸೆ ಹುಟ್ಟಿಸಿತು. ಒಪ್ಪಿದ. ಈ ಸಲ ಲಲತ ರಾಗ ಹಾಡುವುದು ಎಂದು ಮನಸ್ಸಿನಲ್ಲೇ ನಿರ್ಧರಿಸಿದ.

ಅವನ ಪುಣ್ಯಕ್ಕೆ ತಂಬೂರಿ ಕೈಕೊಟ್ಟಿತು. ದ್ರಾಕ್ಷಿ ತುಳಿದು ಹದಿನೈದು ದಿನವಾಗಿತ್ತು. ಸಿಪ್ಪೆ ಸೋಸಿ ರಸವನ್ನು ಡ್ರಮ್ಮಿಗೆ ತುಂಬಿ ಆಗಿತ್ತು. ಮರುದಿನದಿಂದ ಲಲತ ಸುರು ಅನ್ನುವಾಗ ತಂಬೂರಿಯ ಸೋರೆಬುರುಡೆಯಲ್ಲಿ ಕೂದಲಿನಷ್ಟು ಸಣ್ಣ ಸೀಳು ಬಿಟ್ಟು, ತಂತಿ ಮೀಟಿದರೆ ಶೀತವಾದವರ ಹಾಗೆ ಗೊರಗೊರ ಅನ್ನತೊಡಗಿತು. ಕಮರಿಪೇಟೆಯ ಗೌಸಮೊದ್ದೀನ ಸಾಬರಿಗೆ ಹೇಳಿ ಕಳಿಸಿದ. ಹಾರ್ಮೋನಿಯಂ, ತಬಲಾ, ತಂಬೂರಿ ಏನೇ ಕೆಟ್ಟರೂ ಹುಬ್ಬಳ್ಳಿಯಲ್ಲಿ ಹಾಡುವವರೆಲ್ಲ ಹೋಗುವುದು ಅವರ ಹತ್ತಿರ. ಬುರುಡೆಯ ವಾದ್ಯವನ್ನು ಬಸ್ಸಿನಲ್ಲಿ ತರಬೇಡಿ ಅಂತ ಅವರೇ ಅಂಟು, ಅರ, ಅರಿವೆಯ ಗಂಟು ಕಟ್ಟಿಕೊಂಡು ಬಂದರು.

ಶೆಡ್ಡಿನ ಬಾಗಿಲಲ್ಲೇ ಕೂತರು. "ವೈನ್ ಇದ್ದಲ್ಲಿ ನಾ ಒಳಗ ಬರೂದಿಲ್ಲ, ಬೀರಣ್ಣ. ಇಲ್ಲೇ ತಂದು ಕೊಡು."

ಸೀಳಿಗೆ ಅಂಟು ತುಂಬುತ್ತ ಕೂತವರು ಕತ್ತೆತ್ತಿ ನೋಡಿದರು. ಹತ್ತು ಡ್ರಮ್ಮು ಬಾಯಿ ತೆರೆದು ನಿಂತಿದ್ದವು. ತಂಬೂರಿ ಇಲ್ಲದಿದ್ದರೇನು, ಸುಮ್ಮನೆ ಷಡ್ಜವಾದರೂ ಕೇಳಲಿ ಎಂದು ಬೀರಲಿಂಗಪ್ಪ ಮುಚ್ಚಳ ತೆಗೆದಿಟ್ಟಿದ್ದ.

"ಇವಕ್ಯಾಕ ಮುಚ್ಚಳಿಲ್ಲ?"

"ರಾಗ ಒಳಗ ಹೋಗ್ಲಿ ಅಂತ."

ಗೌಸಮೊದ್ದೀನ ಸಾಬರು ಅಂಟಿನ ಕಡ್ಡಿಯನ್ನು ಕೆಳಗಿಟ್ಟರು. ನಗಬಾರದು ಅಂತ ಅವರು ಪಟ್ಟ ಪಾಡು ಅವರ ಮೀಸೆಗೇ ಗೊತ್ತು.

"ಬೀರಣ್ಣ, ನನ್ನ ಯಾಕ ಕರಸಿದಿ?"

"ಬುರುಡಿ ಸೀಳೈತಿ ಅಂತ."

"ಕೂದಲದಷ್ಟು ಸೀಳಿದ್ದಕ್ಕ ಧ್ವನಿ ಓಡಿ ಹೋತು. ಬುರುಡಿ ಸುತ್ತಲೂ ಮುಚ್ಚಿದ್ದಕ್ಕ ಐತಿ ಇದರಾಗ ಜೀವ. ಗಾಳಿ ಒಳಗಿಂದು ಒಳಗ ಇರಬೇಕು. ಇಲ್ಲಿ ನೋಡಿದ್ರ ನೀ ಹತ್ತು ಬುರುಡಿ ಬಾಯಿ ತಗದು ಕುಂತಿ. ಕೇಳಸಬೇಕು ಅಂತ ಮಂದಿ ತಂಬೂರಿ ಒಡೀತಾರೇನು?"

ಬೀರಲಿಂಗಪ್ಪ ಒಂದು ನಿಮಿಷ ಡ್ರಮ್ಮು ನೋಡಿದ, ಒಂದು ನಿಮಿಷ ತಂಬೂರಿ ನೋಡಿದ. ಇಲಾಖೆಯ ಪುಸ್ತಕದ ಕೆಂಪು ಗೆರೆ ಕಣ್ಣ ಮುಂದೆ ಬಂತು. ಎರಡು ವರ್ಷ ತೋಡಿಯನ್ನೂ ಭೈರವವನ್ನೂ ಬೈದದ್ದು ನೆನಪಾಗಿ ಕಿವಿ ಮುಟ್ಟಿಕೊಂಡ.

ಆ ಹೊತ್ತಿಗೆ ಚಹಾ ತಂದಿದ್ದ ಶೇವಂತೆವ್ವ ಎಲ್ಲ ಕೇಳಿಸಿಕೊಂಡಿದ್ದಳು. ಅವಳ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಎಲ್ಲಾ ಮುಚ್ಚಿದ್ರ ನನ್ನ ಉಪ್ಪಿನಕಾಯಿಗೆ ಸಿರ್ಕಾ ಎಲ್ಲಿಂದ ತರಲಿ? ಗೌಸಣ್ಣಾರ, ನೀವು ತಂಬೂರಿ ರಿಪೇರಿ ಮಾಡಾಕ ಬಂದೀರೋ, ನನ್ನ ವ್ಯಾಪಾರ ಕೆಡಸಾಕ ಬಂದೀರೋ?"

"ತಪ್ಪಾತು ತಂಗಿ. ಒಂದು ಡ್ರಮ್ಮು ನಿಂದು ಅಂತ ಬಿಡು ಅನ್ನು ನಿನ್ನ ಯಜಮಾನಗ."

ತೀರ್ಮಾನ ಅಲ್ಲೇ ಆಯಿತು. ಒಂಬತ್ತು ಡ್ರಮ್ಮಿಗೆ ಮುಚ್ಚಳ ಬಿಗಿದು, ಮೇಲೊಂದು ಸಣ್ಣ ನಳಿಗೆ ಹಾಕಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು. ಮೂಲೆಯ ಹತ್ತನೆಯ ಡ್ರಮ್ಮು ಶೇವಂತೆವ್ವನ ಪಾಲಿಗೆ, ಬಾಯಿ ತೆರೆದು ಉಳಿಯಿತು.

ಮುಚ್ಚಿದ ಒಂಬತ್ತರ ಮುಂದೆ ಹಾಡಲು ಬೀರಲಿಂಗಪ್ಪನಿಗೆ ಮನಸ್ಸು ಬರಲಿಲ್ಲ. ಬೀಗ ಹಾಕಿದ ಮನೆಯ ಮುಂದೆ ನಿಂತು ಕರೆದ ಹಾಗಾಗುತ್ತಿತ್ತು. ಹೀಗಾಗಿ ಚಾಪೆ ಮೂಲೆಗೆ ಹೋಯಿತು. ದಿನಾ ಮುಂಜಾನೆ ಲಲತ ಕೇಳುವ ಭಾಗ್ಯ ಉಪ್ಪಿನಕಾಯಿಯ ಡ್ರಮ್ಮಿಗೆ ಬಂತು.

ಹಾಡದಿದ್ದರೂ ಅವನು ಆ ಒಂಬತ್ತನ್ನು ಕೇಳತೊಡಗಿದ. ಇದು ಹೊಸದು. ಎರಡು ವರ್ಷ ಅವುಗಳಿಗೆ ಕೇಳಿಸಿದ್ದೇ ಕೇಳಿಸಿದ್ದು, ಅವು ಏನು ಅನ್ನುತ್ತವೆ ಎಂದು ಕಿವಿಗೊಟ್ಟಿರಲಿಲ್ಲ. ಚೈತ್ರದಲ್ಲಿ ನಳಿಗೆಯ ಗುಳ್ಳೆ ಗುಳುಗುಳು ಗುಳುಗುಳು ಎಂದು ಸಿತಾರಿನಲ್ಲಿ ಝಾಲಾ ಬಾರಿಸಿದ ಹಾಗೆ ಬರುತ್ತಿತ್ತು. ಮಳೆ ಹಿಡಿಯುವ ಹೊತ್ತಿಗೆ ತಾಳದ ಮಾತ್ರೆಗೊಂದು ಗುಳುಕ್. ಶ್ರಾವಣದಲ್ಲಿ ನಾಲ್ಕು ಮಾತ್ರೆಗೊಂದು. ಹಾಡು ನಿಧಾನದ ವಿಲಂಬಿತದಿಂದ ಹೊರಟು ವೇಗದ ದ್ರುತಕ್ಕೆ ಹೋಗುತ್ತದೆ, ಈ ರಸ ದ್ರುತದಲ್ಲಿ ಹೊರಟು ವಿಲಂಬಿತಕ್ಕೆ ಬರುತ್ತಿತ್ತು. ಗಣಪತಿ ಹಬ್ಬ ಬಂತು, ಹೋಯಿತು. ಒಂಬತ್ತರಲ್ಲಿ ಒಂದೂ ಹುಳಿ ನಾರಲಿಲ್ಲ. ಶೇವಂತೆವ್ವ ದಿನಾ ಬಂದು ಮೂಸಿ ನೋಡಿ, ನಿರಾಸೆಯಿಂದ ವಾಪಸು ಹೋಗುತ್ತಿದ್ದಳು.

ದಸರೆ ಮುಗಿದದ್ದೇ ಉದಯಕುಮಾರ ಬಂದ. ಬರುವ ರವಿವಾರ ಅವನ ಹೋಟೆಲಿನ ಉದ್ಘಾಟನೆ. ಒಂದು ಲೋಟದಲ್ಲಿ ಎರಡು ಗುಟುಕು ಕುಡಿದು, ಏನೂ ಮಾತಾಡದೆ ಮೂರನೆಯದಕ್ಕೆ ಲೋಟ ಚಾಚಿದ. ಮೊದಲ ಗುಟುಕಿಗೇ ಹೊಗಳುವ ಗಿರಾಕಿ ಉದ್ರಿ ಕೇಳುತ್ತಾನೆ, ಸುಮ್ಮನಾಗುವವನು ಮಾಲು ಒಯ್ಯುತ್ತಾನೆ.

"ಕಾಕಾ, ಒಂಬತ್ತೂ ನನಗ. ಗುರುವಾರ ಗಾಡಿ ತರತೇನಿ. ಮೆನ್ಯುದಾಗ 'ರಾಗ ಕೇಳಿದ ಸಾವಯವ ವೈನು' ಅಂತ ಹಾಕಿಸೇನಿ. ಗುರುವಾರ ಸಿಗಲಿಲ್ಲಂದ್ರ ನಾಶಿಕದ ಮಾಲು ತರಸ್ತೇನಿ, ಮತ್ತ ನಿಮ್ಮದು ಬ್ಯಾಡ."

"ಗುರುಗಳ್ನ ಕೇಳಬೇಕು."

"ಅವರು ಕುಡೀತಾರೇನ್ರಿ?"

"ಚಹಾನೂ ಕುಡಿಯೂದಿಲ್ಲ."

"ಮತ್ತ?"

"ಅವರು 'ಆತು' ಅನಬೇಕು. ಅಲ್ಲೀತನಕ ನನ್ನ ಕೈಯಿಂದ ಏನೂ ಮಂದಿ ಮುಂದ ಹೋಗೂದಿಲ್ಲ. ಹಾಡೂ ಇಲ್ಲ, ವೈನೂ ಇಲ್ಲ."

ಬಾಗಿಲಲ್ಲಿದ್ದ ಶೇವಂತೆವ್ವನ ಮುಖ ಆರು ತಿಂಗಳಲ್ಲಿ ಮೊದಲ ಸಲ ಅರಳಿತು. ಬುವಾ ಏನು ಅನ್ನುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು. ಅವರು ಅಂದರೆ ಇವನು ಕೇಳುತ್ತಾನೆ ಅನ್ನುವುದೂ ಗೊತ್ತಿತ್ತು. ಗಾಡಿ ಖಾಲಿ ಹೋದ ಮೇಲೆ ಒಂಬತ್ತು ಡ್ರಮ್ಮು ಎಷ್ಟು ದಿನ ಹಾಗೇ ಇದ್ದೀತು? ಅವಳು ಬಡಿಗನಿಗೆ ಕಪಾಟಿನ ಅಳತೆ ಹೇಳಿಬಂದಳು.

ಗುರುವಾರ ಮುಂಜಾನೆ ಬೀರಲಿಂಗಪ್ಪ ಆಟೋ ಮಾಡಿಕೊಂಡು ಎಂಬತ್ತೆರಡು ವರ್ಷದ ತ್ರ್ಯಂಬಕ ಬುವಾ ಅವರನ್ನು ಬೆಂಗೇರಿಗೆ ಕರೆತಂದ. ಉದಯಕುಮಾರನ ಗಾಡಿ ಆಗಲೇ ಗೇಟಿನ ಹೊರಗೆ ನಿಂತಿತ್ತು. ಬುವಾ ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ಮೊದಲ ಡ್ರಮ್ಮಿನ ನಳಿಗೆ ನೋಡಿದರು.

"ಇದೇನೋ ಇದು, ಸಲೈನ್ ಹಚ್ಚಿದಾಂಗ?"

ಬೀರಲಿಂಗಪ್ಪ ಗುಳ್ಳೆಯ ಲಯವನ್ನು ವಿವರಿಸಿದ. ಬುವಾ ಅವರ ಕಣ್ಣು ಸಣ್ಣಗಾದವು. ಡ್ರಮ್ಮಿಗೆ ಕಿವಿ ಹಚ್ಚಿದರು. ಬೆರಳ ಗೆಣ್ಣಿನ ಮೇಲೆ ಮಾತ್ರೆ ಎಣಿಸಿದರು. ಹದಿನಾರು ಆಯಿತು. ಮತ್ತೆ ಹದಿನಾರು. ಗುಳ್ಳೆ ಬರಲಿಲ್ಲ.

"ಭಾಳ ಛಲೋ ವಿಲಂಬಿತ ಅದ," ಅಂದರು ಬುವಾ. "ಇಷ್ಟು ನಿಧಾನ ನಮ್ಮ ಹುಡುಗೂರು ಹಾಡಿದ್ರ ನಾ ಯಾಕ ಬೈತಿದ್ದೆ?"

ಬೀರಲಿಂಗಪ್ಪ ಕೈಮುಗಿದ.

"ಆತೇನ್ರಿ, ಗುರುಗಳ?"

ಎಲೆಅಡಿಕೆ ಈ ದವಡೆಯಿಂದ ಆ ದವಡೆಗೆ ಹೋಯಿತು.

"ಇನ್ನೂ ಆಗಿಲ್ಲ."

ಉದಯಕುಮಾರ ಮೊಬೈಲು ತೆಗೆದು ನಾಶಿಕದ ನಂಬರು ಹುಡುಕತೊಡಗಿದ. ಬೀರಲಿಂಗಪ್ಪ ಮುಗಿದ ಕೈಯನ್ನು ಹಾಗೇ ಹಿಡಿದು ನಿಂತ. ಇನ್ನು ಶೇವಂತೆವ್ವ ಖುಷಿಯಿಂದ ಒಳಗೆ ಹೋಗಬೇಕು, ಅದು ಲೆಕ್ಕ. ಆದರೆ ಗಂಡನ ಮುಖ ನೋಡಿ ಅವಳಿಗೆ ಏನಾಯಿತೋ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮುಂದೆ ಬಂದಳು.

"ಅಜ್ಜಾರ, ಸಿಟ್ಟಾಗಬ್ಯಾಡ್ರಿ. ನೀವು ಇದನ್ನ ಕುಡೀಲಿಲ್ಲ, ಮೂಸಲಿಲ್ಲ. ಆಗಿಲ್ಲ ಅಂತ ಹೆಂಗ ಹೇಳಿದ್ರಿ? ಆರು ತಿಂಗಳಾತು, ದಿನಾ ಮೂಸಾಕತ್ತೇನಿ ನಾನು. ಇದು ಹುಳಿ ಆಗ್ಲಿ ಅಂತ ಮನಸಿನಾಗ ಬೇಡಿಕೊಂಡಾಕಿ ನಾನು. ನಾನ ಹೇಳತೇನಿ, ಇದು ಆಗೈತಿ!"

"ಡ್ರಮ್ಮಿಗೆ ಎಲ್ಲೆ ಹೇಳಿದೆನವಾ?" ಅಂದರು ಬುವಾ ಶಾಂತವಾಗಿ. "ಇವಗ ಹೇಳಿದೆ. ಮಾಡಿದಾಂವ ಇಂವ, ರುಚಿ ನೋಡಿದಾಂವ ಇಂವ. ಕುಡೀಲಾರದ ಮುದುಕನ್ನ ಆಟೋದಾಗ ಹಾಕ್ಕೊಂಡು ಬಂದು ಆತೇನು ಅಂತ ಕೇಳ್ಲಿಕ್ಕತ್ತಾನ. ಅಂದಮ್ಯಾಲೆ ಎಲ್ಲಿ ಆತು?"

ಸ್ಟೂಲಿನ ಮೇಲೆ ಸರಿದು ಕೂತು ಬೀರಲಿಂಗಪ್ಪನ ಕಡೆ ತಿರುಗಿದರು.

"ನಮ್ಮ ಗುರುಗಳು ನನಗ ಎಂದೂ ಆತು ಅನ್ನಲಿಲ್ಲ, ಗೊತ್ತದ ಏನು? ಹಾವೇರಿಯಾಗ ಒಂದು ಕಛೇರಿ. ಮಂದಿ ತುಂಬಿ ಕೂತದ, ಅವರ ಗಂಟಲಾ ಕಟ್ಟಿಬಿಡ್ತು. ನಾ ಹಿಂದ ತಂಬೂರಿ ಹಿಡದು ಕೂತಿದ್ದೆ. ಕೇಳ್ಲಿಕ್ಕೆ ವ್ಯಾಳ್ಯಾನ ಇರಲಿಲ್ಲ. ಹಾಡಿಬಿಟ್ಟೆ. ಊರಿಗೆ ಬಂದು ಎಂಟು ದಿನ ಬೈದ್ರು. ಒಂಬತ್ತನೇ ದಿನ ನನ್ನ ಹೆಸರಿಲೇ ಕಛೇರಿ ಇಟ್ರು."

"ಮತ್ತ ನನಗ ಇಪ್ಪತ್ನಾಕ ವರ್ಷ ಇನ್ನೂ ಆಗಿಲ್ಲ ಅಂದ್ರಿ?"

"ನೀ ಇಪ್ಪತ್ನಾಕ ವರ್ಷ ಕೇಳಿದೆಲ್ಲೋ, ಮಾರಾಯಾ!"

ಬೀರಲಿಂಗಪ್ಪನ ಕೈ ತಾನಾಗಿಯೇ ಬಿಚ್ಚಿಕೊಂಡಿತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಕ್ಷಣ ಹೊತ್ತು ಪರದಾಡಿ, ಕೊನೆಗೆ ಲೋಟ ಎತ್ತಿಕೊಂಡ. ಮೊದಲ ಡ್ರಮ್ಮಿನಿಂದ ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿದ. ಯಾರ ಮುಖವನ್ನೂ ನೋಡಲಿಲ್ಲ. ಎರಡನೆಯ ಡ್ರಮ್ಮು, ಮೂರನೆಯದು, ಹೀಗೆ ಒಂಬತ್ತೂ ಆಯಿತು.

"ಉದಯಾ, ಮೊಬೈಲ್ ಒಳಗಿಡು. ಬಾಟಲಿ ಇಳಿಸು. ಆರು ಮಾತ್ರ ಒಯ್ಯಿ. ನಾಕು, ಏಳು, ಎಂಟು ಕೊಡೂದಿಲ್ಲ."

"ಯಾಕ್ರಿ ಕಾಕಾ?"

"ಅವು ಇನ್ನೂ ಆಗಿಲ್ಲ."

ಕಣ್ಣು ಮುಚ್ಚಿ ಕೂತಿದ್ದ ಬುವಾ ಅವರ ಒಂದು ಕಣ್ಣು ತೆರೆಯಿತು.

ಬಾಟಲಿ ತುಂಬಿ ಬೂಚು ಬಡಿಯುವ ಸದ್ದಿನ ನಡುವೆ ಶೇವಂತೆವ್ವನಿಗೆ ಮನೆಗೆ ಬಂದ ಹಿರಿಯರಿಗೆ ಏನೂ ಕೊಟ್ಟಿಲ್ಲ ಎಂಬುದು ನೆನಪಾಯಿತು. ಚಹಾ ಒಲ್ಲದವರು. ಬಿಸಿ ರೊಟ್ಟಿ, ಬೆಣ್ಣೆ, ಪಕ್ಕದಲ್ಲಿ ಮೂಲೆಯ ಡ್ರಮ್ಮಿನ ಸಿರ್ಕಾದಲ್ಲಿ ನೆನೆದ ಮೆಣಸಿನಕಾಯಿ ಇಟ್ಟು ತಂದಳು. ಬುವಾ ಮೆಣಸಿನಕಾಯಿಯ ತುದಿ ಕಚ್ಚಿದರು. ಕಣ್ಣು ಮುಚ್ಚಿದರು. ಬಲಗೈ ತೊಡೆಯ ಮೇಲೆ ತಾನಾಗಿಯೇ ಒಂದು ತಾಳ ಹೊಡೆಯಿತು.

"ಆಹಾ! ಆತು ನೋಡವಾ. ಇದು ಆತು!"

ಶೆಡ್ಡಿನಲ್ಲಿ ಬೂಚು ಬಡಿಯುವ ಸದ್ದು ನಿಂತಿತು. ಮಾಳಮಡ್ಡಿಯ ಆ ಬಾಯಿಂದ ಇಪ್ಪತ್ನಾಲ್ಕು ವರ್ಷ ಹೊರಡದ ಮಾತು ಒಂದು ಮೆಣಸಿನಕಾಯಿಗೆ ಹೊರಟಿತ್ತು. ಬೀರಲಿಂಗಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಮೇಲೆ ನೆನಪಾಯಿತು, ಆರು ತಿಂಗಳು ತಾನು ದಿನಾ ಮುಂಜಾನೆ ಲಲತ ಹಾಡಿದ್ದು ಆ ಡ್ರಮ್ಮಿಗೆ. ಯಾರಿಗೂ ಹೇಳಲಿಲ್ಲ. ಬೂಚು ಬಡಿಯುವುದನ್ನು ಮುಂದುವರಿಸಿದ, ಈ ಸಲ ಸ್ವಲ್ಪ ಲಯದಲ್ಲಿ.

ಗೋಕುಲ ರಸ್ತೆಯ ಹೋಟೆಲಿನ ಮೆನ್ಯುದಲ್ಲಿ 'ರಾಗ ಕೇಳಿದ ಸಾವಯವ ವೈನು' ಈಗಲೂ ಇದೆ. ಕುಡಿದವರು ಒಳಗೊಂದು ಸ್ವರ ಕೇಳಿಸುತ್ತದೆ ಅನ್ನುತ್ತಾರಂತೆ. ಆ ವೈನು ಒಂದು ದಿನವೂ ಹಾಡು ಕೇಳಿಲ್ಲ ಎಂದು ಬೀರಲಿಂಗಪ್ಪ ಉದಯಕುಮಾರನಿಗೆ ಹೇಳಬೇಕೆಂದು ಎರಡು ಸಲ ಹೋಗಿ, ಹೋಟೆಲಿನ ಗದ್ದಲ ನೋಡಿ, ಕೇಸರಿಬಾತು ತಿಂದು ವಾಪಸು ಬಂದಿದ್ದಾನೆ.

ರವಿವಾರ ಮಾಳಮಡ್ಡಿಗೆ ಹೋಗುವುದು ತಪ್ಪಿಲ್ಲ. ಒಂದು ತಾಸು ಹಾಡುತ್ತಾನೆ, ತಂಬೂರಿಗೆ ಗವಸು ಹಾಕುತ್ತಾನೆ, ನಮಸ್ಕಾರ ಮಾಡಿ ಏಳುತ್ತಾನೆ. ಕೇಳುವುದಿಲ್ಲ. ಮೊದಲ ರವಿವಾರ ಬುವಾ, ಮರೆತನೇನೋ ಅಂತ, ಎಲೆಅಡಿಕೆಯನ್ನು ಆಗಲೇ ಆ ದವಡೆಗೆ ಸಾಗಿಸಿ ಕಾದಿದ್ದರು. ದೀಪಾವಳಿಯ ಕಛೇರಿಗೆ ತಂಬೂರಿ ಹಿಡಿಯಲು ಬೇರೆ ಒಬ್ಬನನ್ನು ಹುಡುಕಿಕೊಂಡಿದ್ದಾರೆ. ಬೀರಲಿಂಗಪ್ಪ ಎಲ್ಲಿ ಕೂಡಬೇಕು ಅಂತ ಅವರು ಹೇಳಿಲ್ಲ, ಅವನೂ ಕೇಳಿಲ್ಲ.

ಬಾಯಿ ಮುಚ್ಚುತ್ತೇನೆ ಅಂದಿದ್ದ ಶೇವಂತೆವ್ವ ಮಾತ್ರ ಮಾತಿಗೆ ತಪ್ಪಿದಳು. ಬಡಿಗನಿಗೆ ಹೇಳಿದ್ದ ಕಪಾಟು ಶೆಡ್ಡಿನ ಅರ್ಧ ಗೋಡೆಗೆ ಬಂದು ನಿಂತಿದೆ. ತೆರೆದ ಡ್ರಮ್ಮು ಒಂದಿದ್ದದ್ದು ಈಗ ಮೂರಾಗಿದೆ. ದಿನಾ ಮುಂಜಾನೆ ಬೀರಲಿಂಗಪ್ಪ ಅವುಗಳ ಮುಂದೆ ಚಾಪೆ ಹಾಸಿ ತಂಬೂರಿಯ ಖುಂಟಿ ತಿರುವುವಾಗ ಅಡುಗೆಮನೆಯಿಂದ ಕೂಗು ಬರುತ್ತದೆ:

"ರೀ, ಇವತ್ತ ಅರ್ಧಾ ತಾಸು ಜಾಸ್ತಿ ಹಾಡ್ರಿ. ಕುಂದಗೋಳದ ಲಗ್ನದ ಆರ್ಡರ್ ಐತಿ."